ಬಾಣಂತನಕ್ಕೆ ಬಂದ ಹೆಜ್ಜಾರ್ಲೆ

ಹೋದ ಭಾನುವಾರದಿಂದ ಒಂದು ಮಾತು ತಲೆಯಿಂದ ಇಳಿಯುತ್ತಿಲ್ಲ.

"ಮಗ್ಳು ಬಾಣಂತನಕ್ಕೆ ಬಂದವ್ಳೆ. ವಾಸ್ನೆ ಅಂತ ಆಚಿಕ್ ಹಾಕಕ್ಕಾಯ್ತದೇನಪ್ಪ?"

ಹೇಳಿದ್ದು ಮದ್ದೂರಿನ ಹತ್ತಿರದ ಹಕ್ಕಿಗಳ ಊರು ಕೊಕ್ಕರೆ ಬೆಳ್ಳೂರಿನ ಒಬ್ಬ ಅಜ್ಜಿ. ಹೇಳಿಸಿಕೊಂಡಿದ್ದು ನಾನಲ್ಲ, ಪಕ್ಕದಲ್ಲಿ ಮೊಳದುದ್ದದ ಲೆನ್ಸ್ ಹಿಡಿದು ನಿಂತಿದ್ದವನು. ಹಕ್ಕಿ ಹಾರುವ ಫೋಟೊ ಬೇಕು ಅಂತ ಆಗಿನಿಂದ ಚಪ್ಪಾಳೆ ತಟ್ಟುತ್ತಿದ್ದ. ಗೂಡಿನಲ್ಲಿ ಮರಿಗಳಿವೆ ಅನ್ನುವ ಪರಿವೆಯೂ ಇಲ್ಲ. ಆಮೇಲೆ ಕರ್ಚೀಫಿನಲ್ಲಿ ಮೂಗು ಮುಚ್ಚಿಕೊಂಡು, "ಅಜ್ಜಿ, ಈ ಮರ ಕಡಿಸಬಾರ್ದಾ?" ಅಂದ. ಅಜ್ಜಿ ರಾಗಿ ಕೇರುತ್ತಿದ್ದಳು. ಮೊರವನ್ನೂ ಕೆಳಗಿಡಲಿಲ್ಲ, ತಲೆಯನ್ನೂ ಎತ್ತಲಿಲ್ಲ. ಆ ಮಾತು ಹೇಳಿ ಮತ್ತೆ ಕೇರಿದಳು.

ಹೆಜ್ಜಾರ್ಲೆ, ಅಂದರೆ ಪೆಲಿಕನ್ ಹಕ್ಕಿ, ಗೂಡು ಕಟ್ಟಲು ತವರಿಗೆ ಬರುವ ಮಗಳು ಅನ್ನುವುದು ಆ ಊರಿನ ಹಳೇ ಮಾತು. ಪೇಪರಿನಲ್ಲಿ ಓದಿ ಓದಿ ನನಗೆ ಸವೆದೇ ಹೋಗಿತ್ತು. ಆದರೆ ವಾಸನೆ ಸುಳ್ಳಲ್ಲ. ಹಿಕ್ಕೆ, ಕೊಳೆತ ಮೀನು ಎರಡೂ ಸೇರಿ ಹೊಟ್ಟೆ ತೊಳೆಸುತ್ತದೆ. ಹುಣಸೆ ಮರದ ತುಂಬ ಗೂಡು. ಹೆಜ್ಜಾರ್ಲೆ ಮರಿ ತಾಯಿಯ ಗಂಟಲ ಚೀಲಕ್ಕೆ ತಲೆ ತೂರಿಸಿ ಮೀನು ತಿನ್ನುತ್ತಿತ್ತು. ಪಕ್ಕದ ಕೊಂಬೆಯಲ್ಲಿ ಬಣ್ಣದ ಕೊಕ್ಕರೆಗಳು. ಹಕ್ಕಿಗಳಿರುವ ಮರದ ಹುಣಸೆಹಣ್ಣನ್ನು ಬಡಿಯುವ ಹಾಗಿಲ್ಲ. ಅರಣ್ಯ ಇಲಾಖೆ ಅದಕ್ಕೆ ಒಂದಿಷ್ಟು ಪರಿಹಾರ ಕೊಡುತ್ತದೆ ಅನ್ನುವುದು ನಿಜ. ಆದರೆ ಯಾರೂ ಆ ದುಡ್ಡಿಗಾಗಿ ಇಂಥ ವಾಸನೆ ತಡೆದುಕೊಳ್ಳುವುದಿಲ್ಲ, ಅಲ್ವಾ?

ಇದೇ ಊರಿಗೆ 1996ರಲ್ಲಿ ಅಪ್ಪ ನಮ್ಮನ್ನು ಕರೆದುಕೊಂಡು ಬಂದಿದ್ದರು. ನನಗೆ ಹತ್ತು, ತಂಗಿಗೆ ನಾಲ್ಕು. ಮೈಸೂರಿನಿಂದ ಕೆಂಪು ಬಸ್ಸು, ಮದ್ದೂರಿನಲ್ಲಿ ವಡೆ, ಅಲ್ಲಿಂದ ಇನ್ನೊಂದು ಬಸ್ಸು. ಈಗ ಹೊಸ ಹೆದ್ದಾರಿ ಮದ್ದೂರಿನ ತಲೆ ಮೇಲೇ ಹಾರಿಹೋಗುತ್ತದೆ. ವಡೆ ಬೇಕಾದರೆ ನೆನಪಿಟ್ಟುಕೊಂಡು ಕೆಳಗಿಳಿಯಬೇಕು. ಅಪ್ಪ ಅವತ್ತು ಯುಗಾದಿಗೆ ಹೊಲಿಸಿದ್ದ ಬಿಳೀ ಶರ್ಟು ಹಾಕಿದ್ದರು. ಹಕ್ಕಿ ನೋಡಲು ಬಿಳೀ ಶರ್ಟು ಯಾಕೆ ಬೇಕಿತ್ತೋ! ಮರದ ಕೆಳಗೆ ನಿಂತ ಎರಡೇ ನಿಮಿಷಕ್ಕೆ ಹೆಗಲಿನಿಂದ ಜೇಬಿನವರೆಗೆ ಅಭಿಷೇಕ ಆಯಿತು. ಅಮ್ಮ ಬಾಯಿಗೆ ಸೆರಗು ಒತ್ತಿಕೊಂಡು ನಕ್ಕಳು. ಅಪ್ಪನ ಎದುರು ಅಮ್ಮ ಹಾಗೆ ನಕ್ಕಿದ್ದನ್ನು ನಾನು ಮೊದಲು ನೋಡಿದ್ದು ಅವತ್ತೇ.

ಆ ಪ್ರವಾಸ ಅಂದರೆ ಮನೆಯಲ್ಲಿ ಇವತ್ತಿಗೂ ಶರ್ಟಿನ ಕಥೆ. ಆದರೆ ಇನ್ನೊಂದು ಸಂಗತಿ ಈ ಭಾನುವಾರ, ಮೊರದ ಸದ್ದಿನ ಜೊತೆ ಎದ್ದು ಬಂತು. ಶರ್ಟು ತೊಳೆಯಲು ನೀರು ಕೊಟ್ಟ ಹೆಂಗಸು ಅವತ್ತು ಹೆಚ್ಚುಕಡಿಮೆ ಇದೇ ಮಾತು ಹೇಳಿದ್ದಳು. "ನಮ್ ಹೆಣ್ಮಕ್ಳು ಕಣವ್ವ, ಬಾಣಂತನಕ್ಕೆ ಬತ್ತವೆ." ಅಮ್ಮನ ನಗು ಅಲ್ಲಿಗೇ ನಿಂತಿತ್ತು. ವಾಪಸ್ ಬರುವಾಗ ಮಂಡ್ಯ ದಾಟುವವರೆಗೂ ಕಿಟಕಿ ಕಡೆ ಮುಖ ಮಾಡಿ ಕೂತಿದ್ದಳು. ಬಸ್ಸಿನಲ್ಲಿ ವಾಕರಿಕೆ ಬರುತ್ತಿದೆ ಅಂದುಕೊಂಡಿದ್ದೆ.

ತಂಗಿ ಹುಟ್ಟಿದಾಗ ಅಮ್ಮನನ್ನು ತವರಿಗೆ ಯಾರೂ ಕರೆಯಲಿಲ್ಲ. ತಾತ ತೀರಿಕೊಂಡ ವರ್ಷವೇ ಮಾವಂದಿರು ಗದ್ದೆ ಪಾಲು ಮಾಡಿಕೊಂಡಿದ್ದರು. ಅಮ್ಮ ಸಹಿ ಹಾಕಿಕೊಟ್ಟಿದ್ದಳು, ಅದೂ ಸುಮ್ನೆ, ಒಂದು ಸೀರೆಗೆ. ಆ ಮೇಲೆ ಆ ಮನೆ ಬಾಗಿಲು ಹಬ್ಬಕ್ಕೂ ತೆರೆಯಲಿಲ್ಲ. ಮಾವಂದಿರು ಕೆಟ್ಟವರು ಅಂತ ನಾನು ಹೇಳುವುದಿಲ್ಲ. ಜಿಪುಣರು, ಅಷ್ಟೇ. ಬಾಣಂತನ ಮಾಡಿದ್ದು ಪಕ್ಕದ ಮನೆಯ ಸಾಬಮ್ಮ.

ಬೆಳ್ಳೂರಿನವರು ಇನ್ನೊಂದು ಕಥೆ ಹೇಳುತ್ತಾರೆ. ಹಿಂದೆ ಊರು ಶಿಂಷಾ ನದಿಯ ಹತ್ತಿರ ಇತ್ತಂತೆ. ಪ್ಲೇಗು ಬಂದು ಜನ ಜಾಗ ಬಿಟ್ಟಾಗ ಹಕ್ಕಿಗಳೂ ಹಳೇ ಮರ ಬಿಟ್ಟು ಜನರ ಹಿಂದೆಯೇ ಬಂದವಂತೆ. ಆ ಅಜ್ಜಿಯ ಪ್ರಕಾರ ಇದರಲ್ಲಿ ಆಶ್ಚರ್ಯ ಏನೂ ಇಲ್ಲ. "ಅಪ್ಪ ಅವ್ವ ಎಲ್ಲವ್ರೋ ಅಲ್ಲಿಗ್ ತಾನೆ ಬರಾದು?"

ಸಂಜೆ ಮನೆಗೆ ಬಂದು ಅಮ್ಮನಿಗೆ ಫೋಟೊ ತೋರಿಸಿದೆ. ಮಂಡಿನೋವು ಅಂತ ಅವಳು ಬಂದಿರಲಿಲ್ಲ. ಹೆಜ್ಜಾರ್ಲೆಯ ಕಡೆ ಒಮ್ಮೆ ಕಣ್ಣು ಹಾಯಿಸಿದಳು. ಆಮೇಲೆ ಎರಡು ಬೆರಳಲ್ಲಿ, ಹಕ್ಕಿಯ ಹಿಂದೆ ಕಾಣುತ್ತಿದ್ದ ಮನೆ ಬಾಗಿಲನ್ನು ದೊಡ್ಡದು ಮಾಡಿ ನೋಡಿದಳು. ಅಜ್ಜಿ, ಮೊರ, ಹೊಸ್ತಿಲು.

"ಇವರಿಗೆ ಹೆಣ್ಮಕ್ಕಳು ಎಷ್ಟು ಜನವಂತೆ?" ಅಂದಳು.

ನಾನು ಕೇಳಿರಲಿಲ್ಲ.