ಕಣ್ಣಿನ ಇಂಜೆಕ್ಷನ್ ಆರಿಸುವ ಲೆಕ್ಕ

ಪುಣೆಯ ಆಸ್ಪತ್ರೆಯೊಂದರ ಫಾರ್ಮಸಿಯಲ್ಲಿ ನನ್ನ ಕೆಲಸ. ಇವತ್ತು ಧಾರವಾಡ ಕಡೆಯ ಅಜ್ಜಿಯೊಬ್ಬರು ಕೌಂಟರ್‌ಗೆ ಬಂದು, 'ಅಗ್ಗದ ಸೂಜಿ ಹಾಕಿದ್ರ ಕಣ್ಣು ಉಳೀತದೇನಪಾ?' ಅಂತ ಕೇಳಿದರು. ಸಕ್ಕರೆ ಕಾಯಿಲೆಯಿಂದ ಅವರ ರೆಟಿನಾ, ಅಂದರೆ ಕಣ್ಣಿನ ಒಳಪರದೆ, ಊದಿಕೊಂಡಿದೆ.

ಅಜ್ಜಿ ಕೇಳಿದ ಅಗ್ಗದ ಸೂಜಿ ಬೆವಾಸಿಜುಮ್ಯಾಬ್, ಮೂಲತಃ ಕ್ಯಾನ್ಸರ್ ಔಷಧಿ. 4 ಮಿ.ಲೀ. ಸೀಸೆಯಿಂದ ಒಂದು ಕಣ್ಣಿಗೆ ಬೇಕಾದದ್ದು ಬರೀ 0.05 ಮಿ.ಲೀ. ಅದಕ್ಕೇ ಅಗ್ಗ. ಆದರೆ ಒಂದೇ ಸೀಸೆಯನ್ನು ಹಲವು ಸಿರಿಂಜ್‌ಗಳಿಗೆ ಹಂಚುವಾಗ ಸ್ವಲ್ಪ ಸೋಂಕು ತಗುಲಿದರೂ ಹಲವರ ಕಣ್ಣಿಗೆ ಕುತ್ತು. ನನಗೆ ಬೆಲೆಗಿಂತ ಜಾಸ್ತಿ ಚಿಂತೆ ಇದೇ.

ದೃಷ್ಟಿ ಅಷ್ಟಾಗಿ ಕೆಟ್ಟಿಲ್ಲದಿದ್ದರೆ ಬೆವಾಸಿಜುಮ್ಯಾಬ್, ಇದೇ ಊತಕ್ಕೆ ಹಾಕುವ ದುಬಾರಿ ಸೂಜಿಗಳಾದ ರಾನಿಬಿಜುಮ್ಯಾಬ್, ಅಫ್ಲಿಬರ್ಸೆಪ್ಟ್ ಮೂರೂ ಹೆಚ್ಚುಕಮ್ಮಿ ಒಂದೇ. ತೀರಾ ಮಂಜಾಗಿದ್ದರೆ ಮೊದಲ ವರ್ಷ ಅಫ್ಲಿಬರ್ಸೆಪ್ಟ್ ಒಂದು ಕೈ ಮೇಲು ಅಂತ 2015ರಲ್ಲಿ ಅಮೆರಿಕದ ಅಧ್ಯಯನ ತೋರಿಸಿತು.

ಅಜ್ಜಿಗೆ ಇನ್ನೂ ಪೇಪರ್ ಓದುವಷ್ಟು ಕಣ್ಣು ಕಾಣುತ್ತದೆ. ಹಾಗಾಗಿ ದುಬಾರಿಯದನ್ನು ಒಮ್ಮೆ ಹಾಕಿಸಿ ನಿಲ್ಲಿಸಬೇಡಿ, ಕೈಗೆಟುಕುವುದನ್ನು ಡಾಕ್ಟರ್ ಹೇಳಿದಷ್ಟು ಸಲ ತಪ್ಪದೆ ಹಾಕಿಸಿ ಅಂದೆ. ಮಗನಿಗೂ ಫೋನಿನಲ್ಲಿ ವಿವರಿಸಿದೆ.