ಟ್ರಂಕಿನ ಮುಚ್ಚಳದ ಒಳಮೈ

ಹಾಸ್ಟೆಲಿನಲ್ಲಿ ಓದಿದವರನ್ನು ಗುರುತಿಸುವುದು ಸುಲಭ. ಬೀಗ ಹಾಕಿದ ಮೇಲೆ ಒಮ್ಮೆ ಜಗ್ಗಿ ನೋಡುತ್ತಾರೆ. ಸಂಚಿಕೆಗೆ ಹಾಸ್ಟೆಲಿನ ನೆನಪು ಬರೆಯಿರಿ ಎಂದರೆ ನನ್ನ ಕಣ್ಣಿಗೆ ಮೊದಲು ಬರುವುದು ಮಂಚದ ಕೆಳಗಿನ ಆ ಟ್ರಂಕು. ಹಾಗಾಗಿ ಅಲ್ಲಿಂದಲೇ ಶುರು, ಈ ವರ್ಷ ಸೇರುವವರಿಗೂ ಉಪಯೋಗವಾಗಲಿ.

ಮುಚ್ಚಳದ ಒಳಮೈಗೆ ಒಂದು ಪಟ್ಟಿ ಅಂಟಿಸಬೇಕು: ಅಂಗಿ ಎಷ್ಟು, ಪ್ಯಾಂಟು ಎಷ್ಟು, ಟವೆಲು, ಕಾಲುಚೀಲ ಎಷ್ಟು ಜೊತೆ. ರಜೆಗೆ ಹೊರಡುವಾಗ ಅದನ್ನೇ ನೋಡಿ ಗುರುತು ಹಾಕುತ್ತಾ ಬಂದರೆ ಏನು ಕಳೆದಿದೆ ಎಂದು ಅಲ್ಲೇ ಗೊತ್ತಾಗುತ್ತದೆ. ಮನೆಗೆ ಹೋದ ಮೇಲೆ ಗೊತ್ತಾದರೆ ಬೈಗುಳ ಮಾತ್ರ ಸಿಗುತ್ತದೆ, ಅಂಗಿ ಸಿಗುವುದಿಲ್ಲ. ಬಟ್ಟೆಗೆ ಹೆಸರಿಗಿಂತ ನಂಬರ್ ವಾಸಿ, ಒಂದೇ ಹೆಸರಿನವರು ತರಗತಿಗೆ ಮೂವರು ಇರುತ್ತಾರೆ. ಪೆನ್ನಿನಲ್ಲಿ ಬರೆದದ್ದು ಕೆಲವೇ ಒಗೆತಕ್ಕೆ ಮಾಸುತ್ತದೆ, ದಾರದಲ್ಲಿ ಹೊಲಿದದ್ದು ಉಳಿಯುತ್ತದೆ. ಅಂಗಿಗೆ ಕಾಲರಿನ ಒಳಗೆ, ಪ್ಯಾಂಟಿಗೆ ಸೊಂಟಪಟ್ಟಿಯ ಒಳಗೆ. ನಂಬರಿನ ಬಟ್ಟೆತುಂಡನ್ನು ಹೊಲಿಯುವುದಾದರೆ ನಾಲ್ಕೂ ಅಂಚು ಹೊಲಿಯಬೇಕು, ಎರಡೇ ಮೂಲೆ ಹಿಡಿದಿದ್ದರೆ ಹಿಂಡುವಾಗ ಕಿತ್ತು ಬರುತ್ತದೆ.

ಬೀಗಕ್ಕೆ ಎರಡು ಕೀಲಿ: ಒಂದು ಕೊರಳ ದಾರದಲ್ಲಿ, ಇನ್ನೊಂದು ವಾರ್ಡನ್ನರ ಹತ್ತಿರ. ಎರಡನೆಯದನ್ನು ಟ್ರಂಕಿನೊಳಗೇ ಇಟ್ಟು ಬೀಗ ಒತ್ತುವ ಪುಣ್ಯಾತ್ಮ ಪ್ರತಿ ವರ್ಷ ಒಬ್ಬ ಇದ್ದೇ ಇರುತ್ತಾನೆ. ಒದ್ದೆ ಟವೆಲನ್ನು ಒಂದು ರಾತ್ರಿ ಒಳಗೆ ಬಿಟ್ಟರೂ ಇಡೀ ಟ್ರಂಕು ಮುಗ್ಗಲು ವಾಸನೆ ಹೊಡೆಯುತ್ತದೆ.

ಮನೆಯಿಂದ ಬರುವುದು ಬುತ್ತಿಯಷ್ಟೇ ಅಲ್ಲ, ಕಜ್ಜಿಯೂ ಬರುತ್ತದೆ. ಮೊದಲ ಸಲ ಅಂಟಿದವರಿಗೆ ತುರಿಕೆ ಶುರುವಾಗಲು 4ರಿಂದ 6 ವಾರ ಬೇಕು. ಅಷ್ಟು ದಿನ ಯಾರಿಗೂ ಗೊತ್ತಾಗದೆ ಅದು ಪಕ್ಕದ ಹಾಸಿಗೆಗಳಿಗೆ ದಾಟುತ್ತಿರುತ್ತದೆ. ರಜೆ ಮುಗಿದು ಒಂದೂವರೆ ತಿಂಗಳಿಗೆ ಕೋಣೆಗೆ ಕೋಣೆಯೇ ಕೆರೆದುಕೊಳ್ಳುವುದು ಇದಕ್ಕೇ. ತುರಿಸುವವನಿಗೆ ಮಾತ್ರ ಮುಲಾಮು ಹಚ್ಚಿದರೆ ಪ್ರಯೋಜನವಿಲ್ಲ. ವೈದ್ಯರು ಹೇಳಿದಂತೆ ಕೋಣೆಯ ಎಲ್ಲರೂ ಒಂದೇ ರಾತ್ರಿ ಕುತ್ತಿಗೆಯಿಂದ ಪಾದದವರೆಗೆ, ಬೆರಳುಸಂದಿ ಬಿಡದೆ ಹಚ್ಚಬೇಕು. ಬಟ್ಟೆ, ಹೊದಿಕೆಗಳನ್ನು ಬಿಸಿನೀರಿಗೆ ಹಾಕಬೇಕು. ಕಜ್ಜಿಯ ಹುಳ ಸತ್ತ ಮೇಲೂ ಎರಡು ಮೂರು ವಾರ ತುರಿಕೆ ಉಳಿಯುತ್ತದೆ, ಗಾಬರಿಯಾಗಿ ಮತ್ತೆ ಮತ್ತೆ ಬಳಿದುಕೊಳ್ಳುವುದು ಬೇಡ.

ಇನ್ನು ಮನೆ ನೆನಪು. 1688ರಲ್ಲಿ ಯೊಹಾನೆಸ್ ಹೋಫರ್ ಎಂಬ ವೈದ್ಯ ವಿದ್ಯಾರ್ಥಿ ಇದನ್ನು ಕಾಯಿಲೆ ಎಂದೇ ಬಗೆದು ‘ನಾಸ್ಟಾಲ್ಜಿಯಾ’ ಎಂಬ ಹೆಸರು ಕಟ್ಟಿದ. ಹಾಸ್ಟೆಲಿನಲ್ಲಿ ಅದಕ್ಕೆ ಹೊತ್ತು ಗೊತ್ತು ಇದೆ: ಆಟ ಮುಗಿದು ಓದಿಗೆ ಕೂರುವ ಮುಂಚಿನ ಅರ್ಧ ಗಂಟೆ, ದೀಪ ಆರಿಸಿದ ಮೇಲಿನ ಹೊತ್ತು, ಭಾನುವಾರ ಸಂಜೆ. ಕೈಗೆ ಕೆಲಸವಿಲ್ಲದ ಹೊತ್ತುಗಳೇ ಎಲ್ಲವೂ. ಸಂಜೆ ಅಳುತ್ತಾ ಬರೆದ ಕಾಗದ ಮನೆ ಮುಟ್ಟುವಷ್ಟರಲ್ಲಿ ನಾಲ್ಕು ದಿನ ಕಳೆದು, ಹುಡುಗ ಮೈದಾನದಲ್ಲಿ ಕೇಕೆ ಹಾಕುತ್ತಿರುತ್ತಾನೆ. ಅಮ್ಮ ಅಲ್ಲಿ ಊಟ ಬಿಟ್ಟಿರುತ್ತಾಳೆ. ಕಾಗದವನ್ನು ಬೆಳಿಗ್ಗೆ ತಿಂಡಿಯಾದ ಮೇಲೆ ಬರೆಸುವ ವಾರ್ಡನ್ನರು ತಿಳಿದವರು.

ಫೋನಿಗೂ ಅದೇ ಮಾತು. ಸಾಲಿನಲ್ಲಿ ನಿಂತು ಸಿಗುವ ಐದು ನಿಮಿಷದಲ್ಲಿ ಎರಡು “ಊಟ ಆಯ್ತಾ, ಏನು ಊಟ” ಎನ್ನುವುದಕ್ಕೇ ಹೋಗುತ್ತವೆ. ಹೇಳಬೇಕಾದ ಮೂರು ವಿಷಯ ಅಂಗೈಯಲ್ಲಿ ಬರೆದುಕೊಂಡು ಹೋದರೆ ಫೀಸಿನ ಚೀಟಿ, ಹರಿದ ಚಪ್ಪಲಿ ಮರೆತುಹೋಗುವುದಿಲ್ಲ. ಮನೆಯವರು ಹೇಳಬಾರದ ಮಾತು ಒಂದೇ: “ಹಿಡಿಸದಿದ್ದರೆ ಬಂದು ಕರ್ಕೊಂಡು ಹೋಗ್ತೀವಿ ಕಂದಾ.” ಪ್ರೀತಿಯ ಮಾತೇ, ಆದರೆ ಅದನ್ನು ಕೇಳಿಸಿಕೊಂಡ ಮಗು ಮಾರನೆಯ ದಿನದಿಂದ ಗೇಟು ಕಾಯುತ್ತದೆ, ಗೆಳೆಯರನ್ನು ಮಾಡಿಕೊಳ್ಳುವುದಿಲ್ಲ. “ಬರುವ ಭಾನುವಾರ ಹತ್ತು ಗಂಟೆಗೆ ಮಾತಾಡೋಣ” ಎಂದು ಹೇಳಿ, ಹತ್ತಕ್ಕೇ ಮಾಡುವುದು ಮೇಲು.

ಚಿಕ್ಕವರಿಗೆ ಮನೆಯ ದಿಂಬಿನ ಕವರ್ ಒಂದನ್ನು ಕೊಟ್ಟು ಕಳಿಸುವುದುಂಟು. ಒಗೆದು ಇಸ್ತ್ರಿ ಮಾಡಿ ಕೊಡುತ್ತಾರೆ, ಅಲ್ಲೇ ತಪ್ಪುವುದು. ಮನೆಯ ವಾಸನೆ ಉಳಿಯುವಂತೆ, ವಾರ ಬಳಸಿದ್ದನ್ನೇ ಹಾಗೇ ಮಡಚಿ ಕಳಿಸಬೇಕು. ಮೂರನೆಯ ಒಗೆತಕ್ಕೆ ಅದಕ್ಕೂ ಹಾಸ್ಟೆಲಿನ ಸೋಪಿನ ವಾಸನೆಯೇ ಬರುತ್ತದೆ, ಆ ಹೊತ್ತಿಗೆ ಹೆಚ್ಚಿನವರು ಅದನ್ನು ಗಮನಿಸುವುದೂ ಇಲ್ಲ.