ಗುಂಡು ಹಾರಿಸದ ಶೂಟಿಂಗ್ ಆಟ

ಲಿವರ್‌ಪೂಲ್‌ನ ಬಿಝಾರ್ ಕ್ರಿಯೇಷನ್ಸ್ ಕಂಪನಿ 2005ರಲ್ಲಿ ತಂದ ‘ಜಿಯೊಮೆಟ್ರಿ ವಾರ್ಸ್: ರೆಟ್ರೊ ಇವಾಲ್ವ್ಡ್’ ನನ್ನ ಅಚ್ಚುಮೆಚ್ಚಿನ ವಿಡಿಯೊ ಆಟ. ಕಂಟ್ರೋಲರ್‌ನ ಎಡ ಸ್ಟಿಕ್ ನಮ್ಮ ಹಡಗನ್ನು ಓಡಿಸಲು, ಬಲ ಸ್ಟಿಕ್ ಗುಂಡು ಹಾರಿಸಲು. ಕಪ್ಪು ಪರದೆಯ ತುಂಬ ಮಿನುಗುವ ಗೆರೆಗಳು, ಅಷ್ಟೇ.

ಅದರಲ್ಲಿ ‘ಪ್ಯಾಸಿಫಿಸಂ’ (ಶಾಂತಿವಾದ) ಎಂಬ ಸವಾಲಿತ್ತು: ಶುರುವಿನಲ್ಲೇ 60 ಸೆಕೆಂಡು ಒಂದೂ ಗುಂಡು ಹಾರಿಸದೆ ಬದುಕಬೇಕು. ಆಟಗಾರರು ಇದನ್ನು ಬಹಳ ಹಚ್ಚಿಕೊಂಡರು. 2008ರಲ್ಲಿ ಬಂದ ಆಟದ ಎರಡನೇ ಭಾಗದಲ್ಲಿ ಅದೇ ಹೆಸರಿನ ಪೂರ್ತಿ ಮೋಡ್ (ಆಡುವ ಬಗೆ) ಇತ್ತು. ಅಲ್ಲಿ ಬಂದೂಕೇ ಇಲ್ಲ! ನೀಲಿ ವಜ್ರಗಳ ಹಿಂಡು ಬೆನ್ನಟ್ಟುತ್ತದೆ. ಎರಡು ತುದಿಗಳ ನಡುವಿನ ಗೆರೆಯಂಥ ಗೇಟುಗಳಿರುತ್ತವೆ; ಗೇಟಿನೊಳಗೆ ನುಸುಳಿದರೆ ಅದು ಸಿಡಿದು ಹತ್ತಿರದ ವಜ್ರಗಳು ಪುಡಿಯಾಗುತ್ತವೆ. ಗೇಟಿನ ತುದಿಗೆ ತಾಗಿದರೆ ಮಾತ್ರ ನಾವೇ ಔಟ್. ಇಡೀ ಸರಣಿಯಲ್ಲಿ ಇದಕ್ಕಿಂತ ಚಂದದ್ದು ನನಗೆ ಕಂಡಿಲ್ಲ. ಅದರ ಮೇಲೆ, ನಾವು ದಾಟಬೇಕಾದ ಗೆಳೆಯನ ಸ್ಕೋರು ಮೂಲೆಯಲ್ಲೇ ಕಾಣುತ್ತಿರುತ್ತದೆ. ಅದನ್ನು ದಾಟುವವರೆಗೆ ನನ್ನ ತಮ್ಮ ಕಂಟ್ರೋಲರ್ ಬಿಟ್ಟುಕೊಡುವುದಿಲ್ಲ.